ರೊಕ್ಕ ಕಳಕೊಂಡವರನ್ನ ನೋಡಿ ನಗಬ್ಯಾಡ್ರಿ

ನಮ್ಮ ಕಡೆ ಯಾರದಾದರೂ ಬ್ಯಾಂಕ್ ಖಾತೆಯಿಂದ ರೊಕ್ಕ ಹೋಯಿತು ಅಂತ ಗೊತ್ತಾದರೆ ಕಟ್ಟೆ ಮೇಲೆ ಎರಡೇ ಪ್ರಶ್ನೆ. ಒಂದು, ‘ಎಷ್ಟ ಹೋತು?’ ಇನ್ನೊಂದು, ‘ಓಟಿಪಿ ಯಾಕ ಕೊಟ್ಟಿ?’ ಆಮೇಲೆ ಒಂದು ನಗು. ‘ಇಷ್ಟ ಸಾಲಿ ಕಲತರೂ ಬುದ್ಧಿ ಬರಲಿಲ್ಲ ನೋಡು’ ಅನ್ನುವ ಮಾತು. ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ‘1930ಕ್ಕ ಫೋನ್ ಮಾಡಿದಿ ಏನು?’

ಆ ಮೂರನೆಯ ಪ್ರಶ್ನೆಯೇ ಮೊದಲು ಬರಬೇಕು. ಬ್ಯಾಂಕಿನವರು, ಪೊಲೀಸರು, ಟಿವಿಯವರು ಎಲ್ಲರೂ ಹೇಳುವುದು ‘ಎಚ್ಚರವಾಗಿರಿ’ ಅಂತ. ಸರಿ, ಎಚ್ಚರ ಬೇಕು. ಆದರೆ ಎಚ್ಚರ ಇದ್ದವರೂ ಮೋಸ ಹೋಗುತ್ತಾರೆ. ಹೋದ ಮೇಲೆ ಮೊದಲ ಒಂದೆರಡು ತಾಸಿನಲ್ಲಿ ಏನು ಮಾಡಿದರು ಅನ್ನುವುದರ ಮೇಲೆ ಆ ರೊಕ್ಕದ ಹಣೆಬರಹ ನಿಂತಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಆ ತಾಸುಗಳನ್ನು ನಾಚಿಕೆ ತಿಂದುಹಾಕುತ್ತದೆ. ಗಂಡನಿಗೆ ಹೇಳಿದರೆ ಬೈಯುತ್ತಾನೆ, ಮಗನಿಗೆ ಹೇಳಿದರೆ ಫೋನೇ ಕಸಿದುಕೊಳ್ಳುತ್ತಾನೆ, ಓಣಿಯಲ್ಲಿ ಗೊತ್ತಾದರೆ ಮರ್ಯಾದೆ ಹೋಗುತ್ತದೆ. ಹೀಗೆ ಅಂದುಕೊಂಡು ರಾತ್ರಿ ಕಳೆಯುತ್ತಾರೆ. ಸಂತೆಗೆ ಹೋದಾಗ ಬ್ಯಾಂಕಿಗೂ ಹೋದರಾಯಿತು ಅಂತ ಎರಡು ದಿನ ಬಿಡುತ್ತಾರೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಯಾಕೆ ಮುಗಿದಿರುತ್ತದೆ ಅನ್ನುವುದನ್ನು ತಿಳಿದುಕೊಳ್ಳಬೇಕು. ಕಳ್ಳ ನಿಮ್ಮ ಖಾತೆಯಿಂದ ತೆಗೆದ ರೊಕ್ಕ ನೇರವಾಗಿ ಅವನ ಜೇಬಿಗೆ ಹೋಗುವುದಿಲ್ಲ. ಮೊದಲು ಬೇರೆ ಯಾರದೋ ಹೆಸರಿನ ಖಾತೆಗೆ ಹೋಗುತ್ತದೆ. ಅಲ್ಲಿಂದ ತುಂಡು ತುಂಡಾಗಿ ಇನ್ನಷ್ಟು ಖಾತೆಗಳಿಗೆ. ಕೊನೆಗೆ ಯಾವುದೋ ಊರಿನ ಎಟಿಎಂನಲ್ಲಿ ನಗದಾಗುತ್ತದೆ, ಇಲ್ಲವೇ ಕ್ರಿಪ್ಟೋ ಆಗಿ ದೇಶದ ಗಡಿ ದಾಟುತ್ತದೆ. ಈ ಓಟದ ನಡುವೆ ಯಾವುದಾದರೂ ಖಾತೆಯಲ್ಲಿ ರೊಕ್ಕ ನಿಂತಿರುವಾಗಲೇ ಬ್ಯಾಂಕ್ ಅದನ್ನು ತಡೆದರೆ ಉಳಿಯಿತು, ತಡವಾದರೆ ಇಲ್ಲ. 2021ರಲ್ಲಿ ಕೇಂದ್ರ ಗೃಹ ಸಚಿವಾಲಯ ಶುರು ಮಾಡಿದ ವ್ಯವಸ್ಥೆ ಇರುವುದು ಇದಕ್ಕೇ. ಆಗ ಅದರ ಸಂಖ್ಯೆ 155260 ಇತ್ತು, ಈಗ 1930. ಆ ಕಡೆಯವರು ನಿಮ್ಮ ವಿವರ ಬರೆದುಕೊಂಡು ಬ್ಯಾಂಕುಗಳೆಲ್ಲ ಸೇರಿರುವ ಜಾಲಕ್ಕೆ ಹಾಕುತ್ತಾರೆ. ರೊಕ್ಕ ಯಾವ ಖಾತೆಯಲ್ಲಿ ಇದೆಯೋ ಆ ಬ್ಯಾಂಕ್ ಅದನ್ನು ಹಿಡಿದಿಡಬೇಕು. ವಾಪಸ್ ಬಂದೇ ಬರುತ್ತದೆ ಅಂತ ಯಾರೂ ಬರೆದು ಕೊಡುವುದಿಲ್ಲ. ಆದರೆ ಅರ್ಧ ತಾಸಿನಲ್ಲಿ ಫೋನ್ ಮಾಡಿದವರಿಗೂ ಮೂರು ದಿನ ಬಿಟ್ಟು ಮಾಡಿದವರಿಗೂ ಅಜಗಜಾಂತರ.

ನಾಚಿಕೆ ಎಲ್ಲಿಗೆ ಮುಟ್ಟಿಸುತ್ತದೆ ಅನ್ನುವುದನ್ನು ನಮ್ಮ ಜಿಲ್ಲೆ ಕಣ್ಣಾರೆ ನೋಡಿದೆ. 2025ರ ಮಾರ್ಚ್‌ನಲ್ಲಿ ಖಾನಾಪುರ ತಾಲ್ಲೂಕಿನ ಬೀಡಿ ಗ್ರಾಮದಲ್ಲಿ ವಯಸ್ಸಾದ ಗಂಡ ಹೆಂಡತಿ ಜೀವ ಕಳೆದುಕೊಂಡರು. ನಿಮ್ಮ ಹೆಸರಿನ ಸಿಮ್ ದುರ್ಬಳಕೆ ಆಗಿದೆ, ಕೇಸ್ ಆಗುತ್ತದೆ ಅಂತ ಬಂದ ಒಂದು ಕರೆಯಿಂದ ಶುರುವಾದದ್ದು. ಹೆದರಿಸಿ ಹೆದರಿಸಿ 50 ಲಕ್ಷಕ್ಕೂ ಹೆಚ್ಚು ಸುಲಿದರು. ಕೈಯಲ್ಲಿದ್ದದ್ದು ಮುಗಿದ ಮೇಲೆ ಬಂಗಾರ ಅಡವಿಟ್ಟು ಸಾಲ ತೆಗೆದರು, ಗೊತ್ತಿದ್ದವರ ಹತ್ತಿರ ಕೈಗಡ ಮಾಡಿದರು. ಆ ವ್ಯಕ್ತಿ ಸರ್ಕಾರಿ ನೌಕರಿ ಮಾಡಿ ನಿವೃತ್ತಿ ಆದವರು. ಕಚೇರಿ, ಕಾಗದ, ಕಾನೂನು ಗೊತ್ತಿಲ್ಲದವರಲ್ಲ.

ಈ ಸುದ್ದಿ ಬಂದಾಗಲೂ ‘ಅಷ್ಟು ರೊಕ್ಕ ಯಾಕ ಹಾಕಬೇಕಿತ್ತು’ ಅಂದವರು ಇದ್ದರು. ಅಷ್ಟು ದಿನ ಆ ಇಬ್ಬರು ಯಾರಿಗೂ ಹೇಳಲಾಗದೆ ಹೇಗೆ ಇದ್ದರು ಅಂತ ಕೇಳಬೇಕಿತ್ತು ನಾವು. ‘ಡಿಜಿಟಲ್ ಅರೆಸ್ಟ್’ ಅನ್ನುವ ಈ ಆಟದ ಮೂಲವೇ ಅದು. ಕರೆ ಮಾಡಿದವನು ಮೊದಲು ಹೇಳುವ ಮಾತು, ‘ಯಾರಿಗೂ ಹೇಳಬೇಡಿ, ಹೇಳಿದರೆ ಅವರನ್ನೂ ಬಂಧಿಸುತ್ತೇವೆ.’ ಬಾಗಿಲು ಹಾಕಿಕೊಂಡು ಕ್ಯಾಮೆರಾ ಮುಂದೆ ಕೂರಿಸುತ್ತಾನೆ. ಮನೆಯವರಿಂದ, ಓಣಿಯವರಿಂದ ಮನುಷ್ಯನನ್ನು ಬೇರೆ ಮಾಡದೆ ಅವನ ಕೆಲಸ ನಡೆಯುವುದಿಲ್ಲ. ಭಾರತದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಅನ್ನುವುದು ಇಲ್ಲ. ಯಾವ ಪೊಲೀಸರೂ, ಸಿಬಿಐಯವರೂ, ನ್ಯಾಯಾಧೀಶರೂ ವಿಡಿಯೋ ಕಾಲ್‌ನಲ್ಲಿ ಬಂಧಿಸುವುದಿಲ್ಲ, ಜಾಮೀನಿಗೆ ಅಂತ ಫೋನ್‌ಪೇ ಮಾಡಿಸಿಕೊಳ್ಳುವುದಿಲ್ಲ.

2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇಂಥದ್ದೇ ಒಂದು ಕರೆಯನ್ನು ಇಡೀ ದೇಶಕ್ಕೆ ಕೇಳಿಸಿದರು. ಆ ಕರೆ ಬಂದದ್ದು ನಮ್ಮ ವಿಜಯಪುರದವರೊಬ್ಬರಿಗೆ. ಅವರು ಅದನ್ನು ಮುಚ್ಚಿಡದೆ ಹೊರಗೆ ತಂದರು, ಅದಕ್ಕೇ ಎಲ್ಲರಿಗೂ ಆ ಕಳ್ಳನ ದನಿ ಹೇಗಿರುತ್ತದೆ ಅಂತ ಗೊತ್ತಾಯಿತು.

ಆ ದನಿಯ ಬಗ್ಗೆ ಒಂದು ಮಾತು. ನಮ್ಮದು ಗಡಿ ಭಾಗ. ಕನ್ನಡ ಮರಾಠಿ ಎರಡರಲ್ಲೂ ಜಗಳ ಮಾಡುವಷ್ಟು ಮಾತು ನಮಗೆ ಬರುತ್ತದೆ. ಆದರೆ ಫೋನಿನಲ್ಲಿ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಯಾರಾದರೂ ಗದರಿಸಿದರೆ ಗಂಟಲು ಒಣಗುತ್ತದೆ. ಸಾಹೇಬರು ಮಾತಾಡುತ್ತಿದ್ದಾರೆ ಅಂತ ಎದ್ದು ನಿಲ್ಲುತ್ತೇವೆ. ಕಚೇರಿಗಳಲ್ಲಿ ಕೈ ಕಟ್ಟಿ ನಿಂತು ನಿಂತು ಬಂದ ಗುಣ ಅದು, ದಡ್ಡತನ ಅಲ್ಲ. ಕಳ್ಳರಿಗೆ ಅದು ಚೆನ್ನಾಗಿ ಗೊತ್ತು. ‘ಸಾಹೇಬ್ರ, ಕನ್ನಡದಾಗ ಮಾತಾಡ್ರಿ, ಇಲ್ಲಾ ನಮ್ಮ ಊರ ಠಾಣೆಗೆ ಪತ್ರ ಕಳಸ್ರಿ’ ಅಂತ ಹೇಳಿ ಫೋನ್ ಇಡಿ. ನಿಜವಾದ ಅಧಿಕಾರಿ ಆಗಿದ್ದರೆ ನೋಟಿಸ್ ಮನೆಗೆ ಬರುತ್ತದೆ.

ಇನ್ನು ಓದಿದವರು, ಪಟ್ಟಣದವರು ಮೋಸ ಹೋಗುವುದಿಲ್ಲ ಅನ್ನುವವರು ಬೆಳಗಾವಿಯ ಕಡೆ ನೋಡಲಿ. 2025ರ ನವೆಂಬರ್‌ನಲ್ಲಿ ಬೆಳಗಾವಿ ನಗರದಲ್ಲೇ ಒಂದು ನಕಲಿ ಕಾಲ್‌ಸೆಂಟರ್ ಮೇಲೆ ಪೊಲೀಸರು ದಾಳಿ ಮಾಡಿ 33 ಜನರನ್ನು ಹಿಡಿದರು. ಅವರು ಬಲೆ ಹಾಕುತ್ತಿದ್ದದ್ದು ಅಮೆರಿಕದ ಜನರಿಗೆ. ಇಲ್ಲಿ ಕುಳಿತು ಮಾತಾಡಿ ಅಮೆರಿಕದವರ ಜೇಬಿಗೆ ಕೈ ಹಾಕುತ್ತಾರೆ ಅಂದರೆ, ಹಾಲಿನ ಡೇರಿಗೆ ಹೋಗುವ ಅವಸರದಲ್ಲಿ ಫೋನ್ ಎತ್ತಿದ ನಮ್ಮ ಕಾಕಾನನ್ನು ದಡ್ಡ ಅನ್ನುವುದು ಯಾವ ನ್ಯಾಯ?

‘ಓಟಿಪಿ ಯಾಕ ಕೊಟ್ಟಿ’ ಅನ್ನುವ ಪ್ರಶ್ನೆ ಎಷ್ಟೋ ಸಲ ತಪ್ಪು ಪ್ರಶ್ನೆ. ಓಟಿಪಿ ಕೊಡದೆಯೂ ರೊಕ್ಕ ಹೋಗುತ್ತದೆ.

2023ರಲ್ಲಿ ಮಂಗಳೂರು ಕಡೆ ನಡೆದದ್ದು ಕೇಳಿ. ಜನರ ಖಾತೆಯಿಂದ ಹತ್ತು ಸಾವಿರ ರೂಪಾಯಿಯಂತೆ ರೊಕ್ಕ ಹೋಗತೊಡಗಿತು. ಕರೆ ಬಂದಿಲ್ಲ, ಲಿಂಕ್ ಒತ್ತಿಲ್ಲ, ಓಟಿಪಿ ಕೊಟ್ಟಿಲ್ಲ. ಅವರಲ್ಲಿ ಹಲವರು ಆಗಷ್ಟೇ ಆಸ್ತಿ ನೋಂದಣಿ ಮಾಡಿಸಿದ್ದವರು. ಉಪನೋಂದಣಿ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತಿದ್ದ ಖರೀದಿ ಪತ್ರಗಳ ಪ್ರತಿಗಳನ್ನು ಸರ್ಕಾರದ ಕಾವೇರಿ 2.0 ಜಾಲತಾಣದಿಂದ ಇಳಿಸಿಕೊಂಡು, ಅದರಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಕದ್ದಿದ್ದರು. ಆ ಬೆರಳಚ್ಚಿನ ಅಚ್ಚು ಮಾಡಿ ಮಷಿನ್ ಮೇಲೆ ಒತ್ತಿದರೆ ಸಾಕು, ರೊಕ್ಕ ಹೊರಗೆ. ಮಂಗಳೂರು ಪೊಲೀಸರು ಬಿಹಾರದ ಮೂವರನ್ನು ಹಿಡಿದು ತಂದರು. ಆಮೇಲೆ ನೋಂದಣಿ ಇಲಾಖೆ ಆ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮುಚ್ಚುವ ಕ್ರಮ ತೆಗೆದುಕೊಂಡಿತು.

ನಮ್ಮ ಹಳ್ಳಿಗೂ ಇದಕ್ಕೂ ಏನು ಸಂಬಂಧ? ಬ್ಯಾಂಕ್ ದೂರ ಇರುವ ಊರುಗಳಲ್ಲಿ ಬ್ಯಾಂಕ್ ಮಿತ್ರನ ಹತ್ತಿರ ಹೆಬ್ಬೆಟ್ಟು ಒತ್ತಿ ರೊಕ್ಕ ತೆಗೆಯುವುದು ಇದೇ ವ್ಯವಸ್ಥೆ, ಹೆಸರು ಎಇಪಿಎಸ್. ಕಾರ್ಡ್ ಬೇಡ, ಪಿನ್ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು, ಇಷ್ಟೇ. ಮುದುಕರಿಗೆ, ಓದು ಬರದವರಿಗೆ ಇದು ದೊಡ್ಡ ಉಪಕಾರ. ಆದರೆ ಪಿನ್ ಕಳುವಾದರೆ ಬದಲಿಸಬಹುದು, ಬೆರಳು ಬದಲಿಸಲು ಬರುತ್ತದೆಯೇ?

ಅದಕ್ಕೆ ಬಯೋಮೆಟ್ರಿಕ್ ಲಾಕ್ ಅನ್ನುವ ಸೌಲಭ್ಯ ಇದೆ. ಎಂಆಧಾರ್ ಆ್ಯಪ್‌ನಲ್ಲಿ ಅಥವಾ ಆಧಾರ್ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು, ಬೇಕಾದಾಗ ತೆಗೆಯಬಹುದು. ಇದನ್ನು ಎಲ್ಲರೂ ಮಾಡಿ ಅಂತ ಪಟ್ಟಣದವರು ಸಲೀಸಾಗಿ ಹೇಳುತ್ತಾರೆ. ನಾನು ಅಷ್ಟು ಸಲೀಸಾಗಿ ಹೇಳಲಾರೆ. ಬೀಗ ಹಾಕಿದ ಮೇಲೆ ರೇಷನ್ ಅಂಗಡಿಯಲ್ಲೂ ಆ ಬೆರಳು ನಡೆಯುವುದಿಲ್ಲ. ಅಕ್ಕಿ ತರಲು ಹೋದ ಅಜ್ಜಿ ಸಾಲಿನಲ್ಲಿ ನಿಂತು ‘ಮ್ಯಾಚ್ ಆಗವಲ್ದು’ ಅನಿಸಿಕೊಂಡು ಬರಿಗೈಲಿ ಬರಬೇಕಾಗುತ್ತದೆ. ಮನೆಯಲ್ಲಿ ಸ್ಮಾರ್ಟ್‌ಫೋನ್ ನಡೆಸಲು ಬರುವ ಮಗನೋ ಮೊಮ್ಮಗಳೋ ಇದ್ದರೆ ಬೀಗ ಹಾಕಿ, ರೇಷನ್ ದಿನ ತೆಗೆದು ಮತ್ತೆ ಹಾಕಿ. ಯಾರೂ ಇಲ್ಲದಿದ್ದರೆ, ಎಇಪಿಎಸ್ ಸೌಲಭ್ಯವೇ ಬೇಡ, ನಿಲ್ಲಿಸಿ ಅಂತ ಬ್ಯಾಂಕಿಗೆ ಅರ್ಜಿ ಕೊಟ್ಟು ಕೇಳಿ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಆಧಾರ್ ಬಗ್ಗೆ ಕೇಳಲು 1947 ಇದೆ.

ಇನ್ನೊಂದು, ವಾಟ್ಸ್ಆ್ಯಪ್‌ನಲ್ಲಿ ಬರುವ ಎಪಿಕೆ ಫೈಲ್. ‘ಪಿಎಂ ಕಿಸಾನ್’, ‘ಆರ್‌ಟಿಒ ಚಲನ್’, ‘ಮದುವೆ ಕಾರ್ಡ್’ ಹೀಗೆ ಏನೋ ಒಂದು ಹೆಸರು. ಕಳಿಸಿದವರು ಗೊತ್ತಿರುವವರೇ, ನಮ್ಮ ಬೀಗರೋ ದೋಸ್ತನೋ. ಒತ್ತಿ ಇನ್‌ಸ್ಟಾಲ್ ಮಾಡಿದರೆ ಅದು ನಿಮ್ಮ ಮೆಸೇಜ್ ಓದಲು ಅನುಮತಿ ಕೇಳುತ್ತದೆ. ಕೊಟ್ಟಿರೋ, ಅಲ್ಲಿಂದ ಮುಂದೆ ಓಟಿಪಿ ನೀವು ಹೇಳುವ ಅಗತ್ಯವೇ ಇಲ್ಲ, ಅದೇ ಓದಿಕೊಂಡು ಕಳ್ಳನಿಗೆ ಕಳಿಸುತ್ತದೆ. ಆಮೇಲೆ ನಿಮ್ಮದೇ ವಾಟ್ಸ್ಆ್ಯಪ್‌ನಿಂದ ನಿಮ್ಮ ಗುಂಪುಗಳಿಗೆಲ್ಲ ಅದೇ ಫೈಲ್ ಹೋಗುತ್ತದೆ. ಭಜನಾ ಮಂಡಳಿ ಗುಂಪು, ಸ್ವಸಹಾಯ ಸಂಘದ ಗುಂಪು, ಸಾಲಿ ಮಕ್ಕಳ ಪಾಲಕರ ಗುಂಪು. ಇಲ್ಲಿ ನಾಚಿಕೆಪಟ್ಟು ಸುಮ್ಮನಿದ್ದರೆ ಹೋಗುವುದು ನಿಮ್ಮೊಬ್ಬರ ರೊಕ್ಕ ಅಲ್ಲ, ಇಡೀ ಓಣಿಯದು. ಇಂಥ ಫೈಲ್ ಒತ್ತಿಬಿಟ್ಟಿದ್ದರೆ ಮೊದಲು ನೆಟ್ ಬಂದ್ ಮಾಡಿ, ಸಾಧ್ಯವಾದರೆ ಸಿಮ್ ತೆಗೆಯಿರಿ, ಬೇರೆಯವರ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ. ಹಾಗೇ ಯಾರನ್ನಾದರೂ ಓಡಿಸಿ ‘ನನ್ನ ನಂಬರಿನಿಂದ ಬಂದದ್ದು ಒತ್ತಬ್ಯಾಡ್ರಿ’ ಅಂತ ಹೇಳಿಸಿ. ಕಬ್ಬಿನ ಬಿಲ್ಲು ಜಮಾ ಆಗುವ ದಿನಗಳಲ್ಲಿ ಈ ಮಾತು ಇನ್ನಷ್ಟು ನೆನಪಿರಲಿ.

ನಮ್ಮ ಮಾಹಿತಿ ಹೊರಗೆ ಹೋಗುವ ದಾರಿಗಳನ್ನು ಎಣಿಸಿದರೆ ಹೆದರಿಕೆ ಆಗುತ್ತದೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದಾಗ ಎಷ್ಟು ಅವ್ವಂದಿರು ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತಿದ್ದರು. ಸಾಲ ಕೊಡುವ ಸಂಘದವರು, ಸಿಮ್ ಮಾರುವವರು, ಬೆಳೆ ವಿಮೆ ಬರೆಯುವವರು, ಎಲ್ಲರಿಗೂ ಒಂದೊಂದು ಝೆರಾಕ್ಸ್. ಕೆಟ್ಟು ಹೋದ ಝೆರಾಕ್ಸ್ ಪ್ರತಿಯಲ್ಲಿ ಕಡ್ಲಿ ಕಟ್ಟಿಕೊಟ್ಟದ್ದನ್ನು ನೋಡದವರು ಯಾರು? ಝೆರಾಕ್ಸ್ ಕೊಡುವಾಗ ಅದರ ಮೇಲೆ ಯಾವ ಕೆಲಸಕ್ಕೆ, ಯಾವ ತಾರೀಕು ಅಂತ ಅಡ್ಡ ಬರೆದು ಸಹಿ ಮಾಡಿ. ಕೆಟ್ಟ ಪ್ರತಿಯನ್ನು ಕೇಳಿ ಇಸಿದುಕೊಂಡು ಹರಿಯಿರಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಆಧಾರ್ ಸಿಗುತ್ತದೆ, ನಡೆಯುವ ಕಡೆ ಅದನ್ನೇ ಕೊಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಸಂಚಾರ್ ಸಾಥಿಯಲ್ಲಿ ನೋಡಬಹುದು, ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಬಹುದು.

ಇಷ್ಟು ಮಾಡಿದರೂ ನಮ್ಮ ಕಾಗದ ಇರುವುದು ಬೇರೆಯವರ ಕಪಾಟಿನಲ್ಲಿ, ಬೇರೆಯವರ ಕಂಪ್ಯೂಟರಿನಲ್ಲಿ. ಮಂಗಳೂರಿನವರು ಆಸ್ತಿ ನೋಂದಣಿಗೆ ಹೆಬ್ಬೆಟ್ಟು ಒತ್ತದೆ ಇರಲು ಸಾಧ್ಯವಿತ್ತೇ? ವೈಯಕ್ತಿಕ ಮಾಹಿತಿ ರಕ್ಷಣೆಗೆ ಸಂಸತ್ತು 2023ರಲ್ಲಿ ಕಾಯ್ದೆ ಮಾಡಿತು, ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮಾಹಿತಿ ಕಾಯಲಾಗದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು ಅಂತ ಅದರಲ್ಲಿದೆ. ಕಾಗದದ ಮೇಲೆ ಚೆನ್ನಾಗಿದೆ. ಕಾಯಬೇಕಾದವರು ಕಾಯದೆ ಇದ್ದಾಗ ಕಳಕೊಂಡವನನ್ನು ಬೈಯುವುದು ಮೊದಲು ನಿಲ್ಲಲಿ.

ನಮ್ಮ ಹುಡುಗರಿಗೂ ಒಂದು ಮಾತು ಹೇಳಬೇಕು, ಬೇಜಾರು ಮಾಡಿಕೊಂಡರೂ ಸರಿ. ರೊಕ್ಕ ಯಾರದೋ ಹೆಸರಿನ ಖಾತೆಗೆ ಹೋಗುತ್ತದೆ ಅಂದೆನಲ್ಲ, ಆ ‘ಯಾರದೋ’ ಯಾರು? ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರೂ ಕೊಟ್ಟರೆ ಇಷ್ಟು ಸಾವಿರ ಕೊಡುತ್ತೇವೆ ಅಂತ ಟೆಲಿಗ್ರಾಮ್‌ನಲ್ಲೋ ದೋಸ್ತನ ಮೂಲಕವೋ ಕೇಳುತ್ತಾರೆ. ‘ನಮ್ಮ ಖಾತ್ಯಾಗ ರೊಕ್ಕನ ಇಲ್ಲ, ಹೋಗೂದರ ಏನು’ ಅಂತ ಹುಡುಗರು ಕೊಟ್ಟುಬಿಡುತ್ತಾರೆ. ಹೋಗುವುದು ಬೇರೆಯವರ ರೊಕ್ಕ, ಬರುವುದು ನಿಮ್ಮ ಮನೆ ಬಾಗಿಲಿಗೆ ಪೊಲೀಸರು. ಖಾತೆ ಬಾಡಿಗೆಗೆ ಕೊಟ್ಟವನನ್ನು ಕಾನೂನು ಕಳ್ಳನ ಜೊತೆಗಾರ ಅಂತಲೇ ನೋಡುತ್ತದೆ. ಆನ್‌ಲೈನ್ ಮೋಸದಲ್ಲಿ ನಾಚಿಕೆ ಪಡಬೇಕಾದವರು ಯಾರಾದರೂ ನಮ್ಮ ಊರಲ್ಲಿ ಇದ್ದರೆ ಇಂಥವರು.

ದಡ್ಡಿ ಅಂದರೆ ಬೇರೆ ಕಡೆಯವರು ನಗುತ್ತಾರೆ. ನಮ್ಮ ಕಡೆ ದಡ್ಡಿ ಅಂದರೆ ಕುರಿ ದನ ಕೂಡುವ ಜಾಗ ಅಂತ ಅವರಿಗೆ ಗೊತ್ತಿರುವುದಿಲ್ಲ. ಕುರಿ ದಡ್ಡಿಗೆ ತೋಳ ನುಗ್ಗಿದರೆ ಕುರುಬರು ಏನು ಮಾಡುತ್ತಾರೆ? ಹೋದ ಕುರಿಗೆ ಬುದ್ಧಿ ಇರಲಿಲ್ಲ ಅಂತ ನಗುತ್ತಾ ಕೂರುವುದಿಲ್ಲ. ಹೋ ಅಂತ ಕೂಗು ಹಾಕಿ ಪಕ್ಕದ ಹೊಲದಲ್ಲಿ ಕುರಿ ತರುಬಿದವರನ್ನೂ ಎಬ್ಬಿಸುತ್ತಾರೆ. ಕೂಗಿದ್ದಕ್ಕೆ ಯಾರೂ ನಾಚುವುದಿಲ್ಲ.

ಕೂಗಿದ ಮೇಲೆ ಕೇಳಿಸಿಕೊಳ್ಳುವವರೂ ಬೇಕಲ್ಲ. ಬ್ಯಾಂಕಿಗೆ ಹೋದರೆ ಠಾಣೆಗೆ ಹೋಗು, ಠಾಣೆಗೆ ಹೋದರೆ ಬೆಳಗಾವಿ ಸೈಬರ್ ಠಾಣೆಗೆ ಹೋಗು ಅಂತ ಅಲೆದಾಡಿಸುವುದು ಇದೆ. ಅಲೆದಾಡಬೇಕಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಯಮಕನಮರಡಿ, ಸಂಕೇಶ್ವರ, ಗೋಕಾಕ, ಮೂಡಲಗಿ, ನಿಮಗೆ ಯಾವುದು ಹತ್ತಿರವೋ ಅದು. ಇನ್ನು ಬ್ಯಾಂಕಿನ ವಿಷಯ. ನಿಮ್ಮ ತಪ್ಪಿಲ್ಲದೆ ಮೂರನೆಯವರು ರೊಕ್ಕ ಎತ್ತಿದ್ದರೆ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದವರ ಮೇಲೆ ಹೊರೆ ಬೀಳಬಾರದು ಅಂತ ರಿಸರ್ವ್ ಬ್ಯಾಂಕ್ 2017ರ ಜುಲೈ 6ರ ಸುತ್ತೋಲೆಯಲ್ಲೇ ಹೇಳಿದೆ. ತಪ್ಪು ಗ್ರಾಹಕರದು ಅಂತ ರುಜುವಾತು ಮಾಡುವ ಹೊಣೆಯೂ ಬ್ಯಾಂಕಿನದೇ. ಹೆಬ್ಬೆಟ್ಟಿನ ಕಳವಿಗೆ ಇದು ಬಲವಾದ ಆಧಾರ. ಹೆದರಿ ನೀವೇ ಕಳಿಸಿದ ರೊಕ್ಕಕ್ಕೆ ಇದು ಅನ್ವಯಿಸುವುದು ಕಷ್ಟ, ಅದಕ್ಕೆ 1930 ಒಂದೇ ಬೇಗದ ದಾರಿ. ಲಿಖಿತ ದೂರಿಗೆ 30 ದಿನ ಬ್ಯಾಂಕ್ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಹೋಗಬಹುದು, ವಿಚಾರಿಸಲು 14448.

ರೊಕ್ಕ ಹೋದವರು ನಿಮ್ಮ ಮನೆಯಲ್ಲೇ ಇದ್ದು ಊಟ ಬಿಟ್ಟು, ಮಾತು ಬಿಟ್ಟು ಕೂತಿದ್ದರೆ ಅವರನ್ನು ಒಬ್ಬರೇ ಬಿಡಬೇಡಿ. ಟೆಲಿ ಮಾನಸ್ 14416 ಅಂತ ಉಚಿತ ಸಹಾಯವಾಣಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಗ್ರಾಮಸಭೆಯಲ್ಲಿ ಒಂದು ಕೆಲಸ ಕೇಳಿ. ಪಂಚಾಯಿತಿ ಗೋಡೆ, ಹಾಲಿನ ಡೇರಿ, ರೇಷನ್ ಅಂಗಡಿ, ಬಸ್‌ಸ್ಟ್ಯಾಂಡ್, ಈ ನಾಲ್ಕು ಕಡೆ 1930 ಅಂತ ದೊಡ್ಡ ಅಂಕಿಯಲ್ಲಿ ಬರೆಸಲಿ. ಅದರ ಕೆಳಗೆ ಕರೆ ಮಾಡುವಾಗ ಕೈಯಲ್ಲಿ ಏನಿರಬೇಕು ಅಂತಲೂ ಬರೆಸಲಿ: ನಿಮ್ಮ ಮೊಬೈಲ್ ಸಂಖ್ಯೆ, ಬ್ಯಾಂಕಿನ ಹೆಸರು, ಖಾತೆ ಸಂಖ್ಯೆ, ರೊಕ್ಕ ಹೋದ ದಿನ ಮತ್ತು ಹೊತ್ತು, ಎಷ್ಟು ಹೋಯಿತು, ಮೆಸೇಜಿನಲ್ಲಿ ಬಂದ ವ್ಯವಹಾರ ಸಂಖ್ಯೆ. ಆ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಅನ್ನುವ ತಾಣದಲ್ಲಿ ದೂರು ಬರೆಯಬಹುದು, ಓಣಿಯಲ್ಲಿ ಪಿಯುಸಿ ಓದುವ ಹುಡುಗಿಯೂ ಬರೆದು ಕೊಟ್ಟಾಳು. ಅವಳ ಹತ್ತಿರ ಹೋಗಲು ಅಳುಕುವ ಕಾಕಾ ಕಂಡರೆ ನೀವೇ ಜೊತೆಗೆ ಹೋಗಿ, ಎಷ್ಟು ಹೋಯಿತು ಅಂತ ಆಮೇಲೆ ಕೇಳುವಿರಂತೆ.